ಉಂಡು ಮಲಗಿದ ಮೇಲೂ ಮುಗಿಯದ ಜಗಳ

ನಮ್ಮ ವಿಜಯನಗರದ ಕಡೆ ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಕೊಂಡಿವೆ. ಪಕ್ಕದ ಮನೆ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಇಲ್ಲಿಂದಲೇ ಲೆಕ್ಕ ಹಾಕಬಹುದು. ಹೊಡೆತದ ಸದ್ದು ಮಾತ್ರ ಯಾರಿಗೂ ಕೇಳಿಸುವುದಿಲ್ಲ! ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂದುಕೊಂಡು ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಬಂದ ಹೆಂಗಸು ಕುತ್ತಿಗೆವರೆಗೂ ಸೆರಗು ಹೊದ್ದಿರುತ್ತಾಳೆ, ಕೇಳಿದರೆ 'ಬಚ್ಚಲಲ್ಲಿ ಜಾರಿಬಿದ್ದೆ ಅಕ್ಕಾ' ಅನ್ನುತ್ತಾಳೆ, ಕೇಳಿದವರೂ 'ಹುಷಾರಮ್ಮ' ಅಂದು ಒಳಗೆ ಹೋಗುತ್ತಾರೆ.

ಇದನ್ನೆಲ್ಲ ಒಂದು ಮಗು ನೋಡುತ್ತಿರುತ್ತದೆ ಅಲ್ವಾ? ಬಾಯಿ ಬಿಟ್ಟರೆ ಏಟು, ಪಕ್ಕದವರೂ ಬರುವುದಿಲ್ಲ. ನಾಳೆ ಆ ಮಗುವಿನ ಮೈಮೇಲೆ ಯಾರಾದರೂ ಕೈ ಹಾಕಿದರೆ ಅದು ಯಾರಿಗೆ ಹೇಳಬೇಕು? ಅಮ್ಮನಿಗೆ ಹೇಳಿದರೆ ಅಮ್ಮನಿಗೇ ಇನ್ನೆರಡು ಬೀಳುತ್ತದೆ ಅಂತ ಅದಕ್ಕೆ ಗೊತ್ತು.

ಕೈ ಹಾಕುವವನು ಎಲ್ಲಿಂದಲೋ ಬಂದವನೇ ಆಗಬೇಕಿಲ್ಲ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ ಮಕ್ಕಳನ್ನು ಮಾತಾಡಿಸಿ ವರದಿ ತಂದಿತ್ತು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಅನುಭವಿಸಿದ್ದರು, ಗಂಡು ಮಕ್ಕಳೂ ಕಡಿಮೆಯಿರಲಿಲ್ಲ. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರೇ, ನಂಬಿದ್ದವರೇ. ಆದರೂ ಮದುವೆ ಮನೆಯಲ್ಲಿ 'ಮಾಮನಿಗೆ ಮುತ್ತು ಕೊಡು ಪುಟ್ಟಿ' ಅಂತ, ಸೀರೆ ನೆರಿಗೆ ಹಿಂದೆ ಬಚ್ಚಿಟ್ಟುಕೊಂಡ ಮಗುವನ್ನು ಎಳೆದು ತರುತ್ತೇವೆ. ಬೇಡ ಅಂದರೆ ಬಿಡಬೇಕು, ಅಷ್ಟೇ.

'ಪೊಲೀಸು ಸ್ಟೇಷನ್ನು ಯಾರಿಗೆ ಬೇಕು' ಅನ್ನುವವರು ಜಾಸ್ತಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲೆಂದೇ ಇರುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಬರೆದುಕೊಳ್ಳಬಹುದು, ಪೊಲೀಸರು ಯೂನಿಫಾರ್ಮ್ ಹಾಕಿಕೊಂಡು ಬರುವಂತಿಲ್ಲ, ರಾತ್ರಿ ಮಗುವನ್ನು ಸ್ಟೇಷನ್ನಿನಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಗೊತ್ತಿದ್ದೂ ತಿಳಿಸದೆ ಮುಚ್ಚಿಟ್ಟವರಿಗೆ 6 ತಿಂಗಳವರೆಗೆ ಜೈಲು ಆಗಬಹುದು. ಮರ್ಯಾದೆ ಮರ್ಯಾದೆ ಅನ್ನುವ ದೊಡ್ಡವರು ಇದನ್ನು ಕೇಳಿಸಿಕೊಂಡರೆ ಒಳ್ಳೆಯದು.

ಹೆಂಗಸರಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ. ಹೊಡೆತವೊಂದೇ ಅಲ್ಲ, ಬಾಯಿಗೆ ಬಂದ ಹಾಗೆ ಬೈಯುವುದು, ಸಂಬಳ ಕಿತ್ತುಕೊಳ್ಳುವುದೂ ಅದರಲ್ಲಿ ಬರುತ್ತದೆ. ಮನೆ ಗಂಡನ ಹೆಸರಲ್ಲಿದ್ದರೂ ಸುಮ್ನೆ ಹೊರಗೆ ಹಾಕುವಂತಿಲ್ಲ.

ಜಗಳದ ಸದ್ದು ಕೇಳಿದರೆ ಹೆಪ್ಪಿಗೆ ಒಂದು ಚಮಚ ಮೊಸರು ಬೇಕಿತ್ತು ಅಂತ ಬೆಲ್ ಮಾಡಿ, ಇಬ್ಬರು ಮೂವರು ಒಟ್ಟಿಗೆ ಹೋಗಿ. ಕೈಯಲ್ಲಿ ಏನಾದರೂ ಹಿಡಿದಿದ್ದಾನೆ ಅನಿಸಿದರೆ ಹತ್ತಿರ ಹೋಗಬೇಡಿ, 112ಕ್ಕೆ ಫೋನ್ ಮಾಡಿ. ಮಕ್ಕಳ ವಿಷಯಕ್ಕೆ 1098, ಹೆಂಗಸರಿಗೆ 181. ಆಕೆ ಒಬ್ಬಳೇ ಇದ್ದಾಗ 181 ನಂಬರ್ ಕೊಡಿ. ಅವನು ಫೋನ್ ತೆಗೆದು ನೋಡುವ ಪೈಕಿಯಾದರೆ ಸೇವ್ ಮಾಡುವುದು ಬೇಡ, ಬಾಯಿಪಾಠ ಮಾಡಿಸಿ. ಮೂರೇ ಅಂಕಿ ತಾನೇ. ಮಾತಾಡಿದ ಮೇಲೆ ಕಾಲ್ ಲಿಸ್ಟಿನಿಂದ ಅಳಿಸುವುದನ್ನೂ ತೋರಿಸಿಕೊಡಿ.