ನಿಂತ ರೇಕ್ ಯಾರ ಲೆಕ್ಕಕ್ಕೆ?

ಗೂಡ್ಸ್ ಗಾಡಿಗಳ ಕಂಟ್ರೋಲ್ ಆಫೀಸಿನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ವಿಷಯ ಇದು: ವ್ಯಾಗನ್ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ರೈಲ್ವೆ ಸುಧಾರಣೆ ಅಂದ ಕೂಡಲೇ ಜನ ಖಾಸಗಿಗೆ ಕೊಡಬೇಕಾ ಬೇಡವಾ ಅಂತ ವಾದಕ್ಕೆ ಇಳಿಯುತ್ತಾರೆ. ರೈಲ್ವೆ ಸರ್ಕಾರದ ಕೈಯಲ್ಲೇ ಇರಬೇಕು ಅನ್ನುವವನು ನಾನು. ಆದರೆ ಇಲಾಖೆಗಳ ನಡುವೆ ಪೋಲಾಗುವ ಗಂಟೆಗಳನ್ನು ಮೊದಲು ಹಿಡಿಯಬೇಕು.

ಒಂದು ರಾತ್ರಿ ಅದಿರು ತುಂಬಿದ ರೇಕ್, ಅಂದರೆ ಒಟ್ಟಿಗೆ ಜೋಡಿಸಿದ ವ್ಯಾಗನ್‌ಗಳ ಸಾಲು, ಸೈಡಿಂಗ್‌ನಲ್ಲಿ (ಲೋಡಿಂಗ್‌ಗೆ ಇರುವ ಪಕ್ಕದ ಹಳಿಯಲ್ಲಿ) ರೆಡಿ ಇತ್ತು. ತೂಕವೂ ಆಗಿತ್ತು. ಬ್ರೇಕ್ ಸರಿಯಿದೆ ಅಂತ ಮೆಕ್ಯಾನಿಕಲ್ ಇಲಾಖೆಯವರು ಕೊಡುವ ಬ್ರೇಕ್ ಪವರ್ ಸರ್ಟಿಫಿಕೇಟ್ ಬಂದಿರಲಿಲ್ಲ. ಅದು ಬರುವ ಹೊತ್ತಿಗೆ ಇಂಜಿನ್ ಬೇರೆ ಗಾಡಿಗೆ ಹೋಗಿತ್ತು. ಇನ್ನೊಂದು ಇಂಜಿನ್ ಸಿಕ್ಕಾಗ ಲೋಕೋ ಪೈಲಟ್ ಡ್ಯೂಟಿ ಮುಗಿಯುತ್ತಾ ಬಂದಿತ್ತು. ಬೆಳಗಿನ ಮೀಟಿಂಗ್‌ನಲ್ಲಿ ಚರ್ಚೆಯೆಲ್ಲ ಒಂದೇ: ಈ ತಡವನ್ನು ಗಾಡಿ ಓಡಿಸುವ ಟ್ರಾಫಿಕ್ ಇಲಾಖೆಯ ಖಾತೆಗೆ ಬರೆಯಬೇಕಾ, ಮೆಕ್ಯಾನಿಕಲ್ ಖಾತೆಗಾ? ಅಷ್ಟೂ ಹೊತ್ತು ರೇಕ್ ಅಲ್ಲೇ ನಿಂತಿತ್ತು.

ಇದಕ್ಕೆ ಮದ್ದು ರೈಲ್ವೆಯ ಒಳಗಿನಿಂದಲೇ ಬಂತು. ಕ್ಲೋಸ್ಡ್ ಸರ್ಕ್ಯೂಟ್ ರೇಕ್‌ಗಳನ್ನು, ಅಂದರೆ ನಿಗದಿತ ಮಾರ್ಗಗಳಲ್ಲೇ ತಿರುಗುವ ರೇಕ್‌ಗಳನ್ನು, ಒಮ್ಮೆ ಸರಿಯಾಗಿ ತಪಾಸಣೆ ಮಾಡಿದರೆ 7,500 ಕಿ.ಮೀ.ವರೆಗೆ ಓಡಿಸಬಹುದು ಅಂತಾಯಿತು, ಪ್ರತಿ ಲೋಡಿಂಗ್‌ಗೂ ಸರ್ಟಿಫಿಕೇಟ್‌ಗೆ ಕಾಯಬೇಕಿರಲಿಲ್ಲ. 2005ರ ಸುಮಾರಿಗೆ ಕೆಲವು ಮಾರ್ಗಗಳಲ್ಲಿ ಆಕ್ಸಲ್ ಲೋಡ್ (ಒಂದು ಜೋಡಿ ಚಕ್ರದ ಮೇಲೆ ಬೀಳಬಹುದಾದ ಭಾರ) 20.3ರಿಂದ 22.9 ಟನ್‌ಗೆ ಏರಿತು. ಅದೇ ವ್ಯಾಗನ್‌ನಲ್ಲಿ ಸುಮಾರು 8 ಟನ್ ಅದಿರು ಜಾಸ್ತಿ! ವ್ಯಾಗನ್ ಒಮ್ಮೆ ಲೋಡ್ ಆಗಿ ಮತ್ತೆ ಲೋಡ್‌ಗೆ ಬರುವ ಅವಧಿ ಆ ದಶಕದಲ್ಲಿ ಏಳು ದಿನದ ಆಸುಪಾಸಿನಿಂದ ಐದು ದಿನದ ಆಸುಪಾಸಿಗೆ ಇಳಿಯಿತು. ರೈಲ್ವೆಯ ಒಡೆಯರು ಬದಲಾಗಿರಲಿಲ್ಲ.

ಆದರೆ ಹಳಿ ಭಾರ ಹೊರಬೇಕಲ್ವಾ? ವೆಲ್ಡ್ ಬಿಡುತ್ತದೆ, ಹಳಿ ಬೇಗ ಸವೆಯುತ್ತದೆ ಅಂತ ಹಳಿ ನೋಡಿಕೊಳ್ಳುವ ಇಂಜಿನಿಯರಿಂಗ್‌ನವರು ಹೇಳಿದ್ದು ನಿಜವೇ. ಹೆಚ್ಚಾದ ಆದಾಯದಲ್ಲಿ ಅವರ ಪಾಲು ಮೊದಲು ಎತ್ತಿಡಬೇಕು ಅಂತ ನಾನು ಇವತ್ತಿಗೂ ವಾದಿಸುತ್ತೇನೆ. ಟ್ರ್ಯಾಕ್‌ಮ್ಯಾನ್ ಮಳೆಯಲ್ಲಿ ನಡೆದು ಹಳಿ ನೋಡುವುದರಿಂದಲೇ ನಮ್ಮ ಟನ್ ಲೆಕ್ಕ ನಿಂತಿರುವುದು.

ಇಲಾಖೆಗಳ ಗೋಡೆ ಒಡೆಯಲು 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ರೈಲ್ವೆ ಅಧಿಕಾರಿಗಳ ಎಂಟು ಸರ್ವಿಸ್‌ಗಳನ್ನು ಒಂದು ಮಾಡುವ ತೀರ್ಮಾನ ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಇಂಜಿನಿಯರ್‌ಗಳು ಬೇಕೇ ಬೇಕು, ಹಾಗಾಗಿ 2024ರಲ್ಲಿ ಅವರನ್ನು ಆರಿಸುವ ಇಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆಯ ದಾರಿಯನ್ನು ಮತ್ತೆ ತೆರೆದರು. ಮೇಲೆ ಸರ್ವಿಸ್‌ಗಳನ್ನು ಒಂದು ಮಾಡಿದರೂ, ಕೆಳಗೆ ತಡವನ್ನು ಇಲಾಖೆಯ ಹೆಸರಿಗೆ ಬರೆಯುವ ರಿಜಿಸ್ಟರ್ ಹಳೆಯದೇ ಇದ್ದರೆ ಏನು ಪ್ರಯೋಜನ?

ನಮ್ಮಲ್ಲಿ ಬದಲಾಯಿಸಿದ್ದು ಆ ರಿಜಿಸ್ಟರ್ ಅನ್ನೇ. ಇಲಾಖೆಯ ಹೆಸರಿನ ಕಾಲಂ ಕೊನೆಗೆ ಹೋಯಿತು. ರೇಕ್ ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಬಿಡಬಹುದು, ಅದಕ್ಕೆ ಏನು ಬರಬೇಕು ಅನ್ನುವುದು ಮೊದಲು ಬಂತು. ಬೆಳಗಿನ ಜಗಳ ಪೂರ್ತಿ ನಿಲ್ಲಲಿಲ್ಲ. ಆದರೆ ಲೋಡಿಂಗ್ ಮುಗಿಯುವ ಮೊದಲೇ ಇಂಜಿನ್ ಎಲ್ಲಿದೆ, ಕ್ರ್ಯೂ ಯಾರು ಅಂತ ಮೆಕ್ಯಾನಿಕಲ್‌ನವರೇ ಫೋನ್ ಮಾಡಿ ಕೇಳತೊಡಗಿದರು.