ನಡೆಯದ ದಿನ

ಕಕ್ಕಬ್ಬೆ, ಕೊಡಗು
18 ಜನವರಿ 2025, ಶನಿವಾರ

ಇವತ್ತು ನಡೆದಿದ್ದು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಜಗಲಿಗೆ. ಅಷ್ಟೇ.

ಬುಧವಾರ ಮಡಿಕೇರಿ ಬಿಟ್ಟವರು ನಾನು ಮತ್ತು ಚಿಕ್ಕಪ್ಪ. ಚೇರಂಬಾಣೆಯಲ್ಲಿ ಒಂದು ರಾತ್ರಿ, ಮಾರನೇ ದಿನ ಭಾಗಮಂಡಲ, ಅಲ್ಲಿಂದ 8 ಕಿ.ಮೀ. ಏರಿ ತಲಕಾವೇರಿ. ನಿನ್ನೆ ನಾಪೋಕ್ಲು ದಾಟಿ ಇಲ್ಲಿಗೆ ಬಂದೆವು. ತಡಿಯಂಡಮೋಳ್ ಬೆಟ್ಟ ಹತ್ತುವ ಟಿಕೆಟ್ ನಾಳೆಯದು. ಮಧ್ಯೆ ಒಂದು ದಿನ ಖಾಲಿ ಇಟ್ಟಿದ್ದು ಚಿಕ್ಕಪ್ಪ. ಸುಮ್ನೆ ಒಂದು ದಿನ ದಂಡ ಅಂತ ನಾನು ಮೈಸೂರಲ್ಲೇ ಜಗಳ ಆಡಿದ್ದೆ.

ಬೆಳಿಗ್ಗೆ ಕಾಲುಚೀಲ ಬಿಚ್ಚಿದಾಗ ಜಗಳ ಮುಗಿಯಿತು. ಬಲಗಾಲಿನ ಹಿಮ್ಮಡಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಬೊಬ್ಬೆ, ಒಳಗೆ ನೀರು ತುಂಬಿ ಬಿಗಿದುಕೊಂಡಿತ್ತು. ಚಿಕ್ಕಪ್ಪ ಸೂಜಿಯನ್ನು ಕುದಿಯುವ ನೀರಿಗೆ ಹಾಕಿ ತೆಗೆದು, ಬೊಬ್ಬೆಯ ಬುಡದಲ್ಲಿ ಎರಡು ಕಡೆ ಚುಚ್ಚಿದರು. ಹತ್ತಿಯಿಂದ ಮೆಲ್ಲಗೆ ಒತ್ತಿ ನೀರು ತೆಗೆದರು. ಮೇಲಿನ ಚರ್ಮ ಕೀಳೋಕೆ ಹೋದ ನನ್ನ ಕೈ ಮೇಲೆ ಒಂದು ಪೆಟ್ಟು ಬಿತ್ತು. "ಅದೇ ಕಣೋ ನಿನ್ನ ಬ್ಯಾಂಡೇಜು, ಹಾಗೇ ಬಿಡು." ಆಮೇಲೆ ಮುಲಾಮು, ಪಟ್ಟಿ.

ತಪ್ಪು ನನ್ನದೇ. ಮೂರು ದಿನವೂ ಚಿಕ್ಕಪ್ಪ ಗಂಟೆಗೊಮ್ಮೆ ಎಲ್ಲಾದರೂ ಕಟ್ಟೆ ಸಿಕ್ಕರೆ ಕೂರುತ್ತಿದ್ದರು. ಬ್ಯಾಗ್ ಇಳಿಸಿ, ಶೂ ಬಿಚ್ಚಿ, ಕಾಲುಚೀಲ ಬೇಲಿ ಮೇಲೆ ಹಾಕಿ, ಪಾದಕ್ಕೆ ಹತ್ತು ನಿಮಿಷ ಗಾಳಿ. ನಾನು ಬ್ಯಾಗ್ ಹೊತ್ತುಕೊಂಡೇ ಮೊಬೈಲ್ ನೋಡುತ್ತಾ ನಿಂತಿರುತ್ತಿದ್ದೆ. ಅದನ್ನೂ ವಿಶ್ರಾಂತಿ ಅಂತ ಲೆಕ್ಕ ಹಾಕಿದ್ದೆ ನೋಡಿ! ಬೆವರಿಗೆ ನೆನೆದ ಚೀಲದೊಳಗೆ ಕಾಲು ಉಜ್ಜಿಕೊಂಡೇ ಇತ್ತು.

ತಿಂಡಿಗೆ ಕಡಂಬುಟ್ಟು. ನಡೆಯುವ ದಿನಕ್ಕಿಂತ ನಡೆಯದ ದಿನ ಹಸಿವು ಜಾಸ್ತಿ, ಯಾಕೋ.

ಮನೆ ಮುಂದಿನ ಕಣದ ತುಂಬಾ ರೋಬಸ್ಟಾ ಹಣ್ಣು ಹರವಿದ್ದರು. ಒಂದು ಕಡೆ ಹೊಸದು, ಇನ್ನೂ ಕೆಂಪು. ಇನ್ನೊಂದು ಕಡೆ ಒಣಗಿ ಕಪ್ಪಾಗಿದ್ದು. ಹತ್ತು ನಿಮಿಷ ಕೂತೆ. ಹದಿನೈದಾಯಿತು. ಎದ್ದು ಕುಂಟುತ್ತಾ ಹೋಗಿ ಮೂಲೆಯಲ್ಲಿದ್ದ ಗೋರೆ ಹಿಡಿದೆ. ಜಗಲಿಯಿಂದ ಆ ಮನೆಯ ಅಜ್ಜಿ ಕೂಗಿದರು:

"ಸುಮ್ನೆ ಕೂತ್ಕೊಳ್ಳಿಕ್ಕೆ ಬರುದಿಲ್ವಾ ಮಗಾ ನಿಂಗೆ?"

"ಇಲ್ಲ ಅಜ್ಜಿ, ಕಾಲು ಹಿಡ್ಕೊಂಡ ಹಾಗಾಗ್ತದೆ."

ಅದು ಪೂರ್ತಿ ಸುಳ್ಳಲ್ಲ. ಒಂದು ಗಂಟೆ ಮಲಗಿ ಎದ್ದರೆ ಮೀನಖಂಡ ಮರದ ತುಂಡಾಗಿರುತ್ತದೆ. ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಣ ಕಾಫಿ ಒಂದು ಹಿಡಿ ಕೊಟ್ಟು ಕಿವಿ ಹತ್ತಿರ ಅಲ್ಲಾಡಿಸು ಅಂದರು. ಗಲಗಲ ಅಂತು. ಇನ್ನೊಂದು ಹಿಡಿ ಕೊಟ್ಟರು. ಸದ್ದೇ ಇಲ್ಲ, ಬೀಜ ಇನ್ನೂ ಸಿಪ್ಪೆಗೆ ಅಂಟಿಕೊಂಡಿದೆ. ಅದಕ್ಕಿನ್ನೂ ಮೂರು ನಾಲ್ಕು ಬಿಸಿಲು ಬೇಕಂತೆ. ಆಮೇಲೆ ಊಟದವರೆಗೂ ಅದೇ ಆಟ. ಕಣದ ಬೇರೆ ಬೇರೆ ಮೂಲೆಯಿಂದ ಅಜ್ಜಿಯ ಮೊಮ್ಮಗಳು ಹಿಡಿ ಹಿಡಿ ತಂದುಕೊಟ್ಟಳು, ನಾನು ಕಣ್ಣು ಮುಚ್ಚಿ ಹೇಳಬೇಕು. ಎಂಟಕ್ಕೆ ಐದು ಸರಿ.

ಸಂಜೆ ಮನೆಯವರ ಜೀಪಲ್ಲಿ ನಾಲ್ಕುನಾಡು ಅರಮನೆಗೆ ಹೋದೆವು. ಜೀಪಾದ್ದರಿಂದ ಚಿಕ್ಕಪ್ಪ ಒಪ್ಪಿದರು. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಲು ಶುರು ಮಾಡಿದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಅರಸನಿಗೆ ಮಡಿಕೇರಿಗಿಂತ ಈ ಕಾಡೇ ಭದ್ರ ಅನಿಸಿರಬೇಕು. ಕೊನೆಯ ಅರಸ ಚಿಕ್ಕ ವೀರರಾಜೇಂದ್ರನೂ 1834ರಲ್ಲಿ ಬ್ರಿಟಿಷರು ಬಂದಾಗ ಇಲ್ಲೇ ಬಂದು ಸೇರಿಕೊಂಡಿದ್ದ. ಅರಮನೆ ಅಂದ್ರೆ ಮೈಸೂರಿನವರ ಕಣ್ಣಿಗೆ ಚಿಕ್ಕದೇ. ಆದರೆ ಮರದ ಕಂಬಗಳ ನಡುವೆ ಆ ತಂಪು! ಹೋದ ತಕ್ಷಣ ಒಂದು ಕಂಬಕ್ಕೆ ಒರಗಿ ಕೂತೆ. ಈ ಸಲ ಯಾರೂ ಹೇಳಬೇಕಾಗಲಿಲ್ಲ. ಎದುರಿಗೇ ಬೆಟ್ಟದ ದಾರಿ. 1748 ಮೀಟರ್, ಕೊಡಗಿನಲ್ಲಿ ಅದಕ್ಕಿಂತ ಎತ್ತರದ್ದು ಇಲ್ಲ.

ಈಗ ರಾತ್ರಿ ಒಂಬತ್ತು. ಚಿಕ್ಕಪ್ಪನ ಗೊರಕೆ ಶುರುವಾಗಿದೆ. ಬಚ್ಚಲ ಒಲೆ ಮೇಲೆ ಒಣಹಾಕಿದ್ದ ಕಾಲುಚೀಲ ತಂದೆ, ಹೊಗೆ ವಾಸನೆ. ಬಲಗಾಲಿಗೆ ಶೂ ಹಾಕಿ ಕೋಣೆಯಲ್ಲೇ ನಾಲ್ಕು ಹೆಜ್ಜೆ ಇಟ್ಟು ನೋಡಿದೆ. ಹಿಮ್ಮಡಿ ಇನ್ನೂ ಸ್ವಲ್ಪ ಚುರುಗುಡುತ್ತದೆ.

ಚಿಕ್ಕಪ್ಪನಿಗೆ ಹೇಳಿಲ್ಲ.