ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂದ ವಜ್ರ

ವಾಷಿಂಗ್ಟನ್ನಿನ ನ್ಯಾಷನಲ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಟಿಕೆಟ್ ಇಲ್ಲ. ಬ್ಯಾಗ್ ನೋಡಿ ಒಳಗೆ ಬಿಡುತ್ತಾರೆ, ಅಷ್ಟೇ. ಮೊಮ್ಮಗನಿಗೆ ಡೈನೋಸಾರ್ ನೋಡುವ ಅವಸರ. ನನಗೆ ಎರಡನೇ ಮಹಡಿಯ ಹೋಪ್ ವಜ್ರ ನೋಡಬೇಕಿತ್ತು. ಒಡವೆಯ ಹುಚ್ಚೇನೂ ನನಗಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ರಿಟೈರಾದವನು ನಾನು, ಆ ವಜ್ರ ಅಲ್ಲಿಗೆ ಬಂದದ್ದು ರಿಜಿಸ್ಟರ್ಡ್ ಪೋಸ್ಟಿನಲ್ಲಿ!

ಮೊದಲು ಸಿಕ್ಕಿದ್ದು ಗುಮ್ಮಟದ ಕೆಳಗೆ ನಿಂತ ಆಫ್ರಿಕಾದ ಆನೆ. 1955ರಲ್ಲಿ ಅಂಗೋಲಾದಲ್ಲಿ ಗುಂಡಿಟ್ಟು ಕೊಂದದ್ದು. ಎಲ್ಲರೂ ಅದರ ಮುಂದೆ ಸೆಲ್ಫಿ ತೆಗೆಯುತ್ತಿದ್ದರು. ನನಗೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ಪಳೆಯುಳಿಕೆಗಳ ಹಾಲ್ 2019ರಲ್ಲಿ ಹೊಸದಾಗಿ ತೆರೆದದ್ದು. ಅಲ್ಲಿ ಟಿ. ರೆಕ್ಸ್ ಡೈನೋಸಾರ್ ಒಂದು, ಟ್ರೈಸೆರಾಟಾಪ್ಸ್ ಎಂಬ ಇನ್ನೊಂದು ಡೈನೋಸಾರಿನ ತಲೆಗೆ ಬಾಯಿ ಹಾಕಿ ನಿಂತಿದೆ. "ತಾತಾ, ಇದು ನಿಜವಾದ ಮೂಳೆನಾ?" ಅಂತ ಮೊಮ್ಮಗ ಕೇಳಿದ. ಬಹುಪಾಲು ನಿಜವೇ. 1988ರಲ್ಲಿ ಮೊಂಟಾನಾದಲ್ಲಿ ಕ್ಯಾಥಿ ವ್ಯಾಂಕೆಲ್ ಎಂಬ ಮಹಿಳೆಯ ಕಣ್ಣಿಗೆ ಬಿದ್ದದ್ದು. ಆ ಜಾಗ ಅಮೆರಿಕದ ಸೈನ್ಯದ ಎಂಜಿನಿಯರುಗಳ ಸುಪರ್ದಿಯಲ್ಲಿತ್ತು. ಹಾಗಾಗಿ ಮ್ಯೂಸಿಯಂಗೆ ಇದು 50 ವರ್ಷದ ಸಾಲ. ವಾಯಿದೆ ಹಾಕಿದ ಡೈನೋಸಾರ್!

ಸರಿ, ವಜ್ರ. ಗಾಜಿನೊಳಗೆ ಪೀಠದ ಮೇಲೆ ನಿಧಾನಕ್ಕೆ ತಿರುಗುತ್ತಿರುತ್ತದೆ. 45.52 ಕ್ಯಾರೆಟ್, ಕಡುನೀಲಿ. ಆ ನೀಲಿ ಬರುವುದು ಒಳಗೆ ಸೇರಿರುವ ಚೂರೇ ಚೂರು ಬೋರಾನ್ ಎಂಬ ಮೂಲಧಾತುವಿನಿಂದ. ಕೃಷ್ಣಾ ನದಿಯ ದಡದ ಕೊಲ್ಲೂರಿನ ಗಣಿಯದ್ದು ಅನ್ನುತ್ತಾರೆ. ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ್ದು. ಟ್ಯಾವೆರ್ನಿಯೆ ಎಂಬ ಫ್ರೆಂಚ್ ವ್ಯಾಪಾರಿ ಕೊಂಡೊಯ್ದು ಫ್ರಾನ್ಸಿನ ರಾಜ 14ನೇ ಲೂಯಿಗೆ ಮಾರಿದ. 1792ರಲ್ಲಿ ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ ಕಳುವಾಯಿತು. ಮುಂದೆ ಚಿಕ್ಕದಾಗಿ ಕೊರೆಸಿಕೊಂಡು, ಹೋಪ್ ಎಂಬ ಹೊಸ ಹೆಸರಿನಲ್ಲಿ ಕಾಣಿಸಿಕೊಂಡಿತು.

1958ರಲ್ಲಿ ನ್ಯೂಯಾರ್ಕಿನ ಆಭರಣ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಅದನ್ನು ದಾನ ಕೊಟ್ಟರು. ಕಂದು ಕಾಗದದಲ್ಲಿ ಸುತ್ತಿ, ರಿಜಿಸ್ಟರ್ ಮಾಡಿ ಅಂಚೆಗೆ ಹಾಕಿದರು. 10 ಲಕ್ಷ ಡಾಲರಿಗೆ ವಿಮೆ. ಒಟ್ಟು ಖರ್ಚು 145 ಡಾಲರ್ 29 ಸೆಂಟ್. ಅದರಲ್ಲಿ ಅಂಚೆ ದರ ಬರೀ 2 ಡಾಲರ್ 44 ಸೆಂಟ್, ಉಳಿದದ್ದೆಲ್ಲ ವಿಮೆಯದ್ದು. ಜೇಮ್ಸ್ ಟಾಡ್ ಎಂಬ ಪೋಸ್ಟ್‌ಮ್ಯಾನ್ ನವೆಂಬರ್ 10ರಂದು ಬಟವಾಡೆ ಮಾಡಿದರು.

ಕೌಂಟರಿನಲ್ಲಿ ಆ ಪೊಟ್ಟಣ ತೂಕ ಮಾಡಿದವರ ಬಗ್ಗೆ ಯೋಚಿಸುತ್ತಾ ನಿಂತೆ. ಇನ್ಶೂರ್ಡ್ ಪಾರ್ಸೆಲ್ ಬಂದರೆ ನಾವು ಅರಗಿನ ಮುದ್ರೆಗಳನ್ನು ಒಂದೊಂದಾಗಿ ನೋಡುತ್ತಿದ್ದೆವು. ಒಂದು ಬಿರುಕು ಬಿಟ್ಟಿದ್ದರೂ ರಗಳೆ. ಒಳಗಿರುವುದು ಮಗಳ ಮದುವೆಗೆ ಕಳಿಸಿದ ಓಲೆಯೋ, ರಾಜರ ವಜ್ರವೋ, ನಮ್ಮ ಪಾಲಿಗೆ ರಿಜಿಸ್ಟರಿನ ಒಂದು ಸಾಲು. ಕೈ ಬದಲಾದಾಗೆಲ್ಲ ಒಂದು ಸಹಿ. ವಿನ್‌ಸ್ಟನ್ ನಂಬಿದ್ದು ಆ ಸಹಿಗಳ ಸರಪಳಿಯನ್ನು, ಅಲ್ವಾ? ಪಕ್ಕದಲ್ಲಿ ನಿಂತವರೆಲ್ಲ ವಜ್ರದ ಶಾಪದ ಕಥೆ ಹೇಳಿಕೊಳ್ಳುತ್ತಿದ್ದರು. ನನಗೆ ಆ ಕಥೆಗಿಂತ ಈ ರಸೀದಿಯೇ ರುಚಿ.

ಆ ಕಂದು ಕಾಗದ ಇಲ್ಲಿಲ್ಲ. ಅದೇ ಊರಿನ ನ್ಯಾಷನಲ್ ಪೋಸ್ಟಲ್ ಮ್ಯೂಸಿಯಂನಲ್ಲಿದೆ, ಯೂನಿಯನ್ ಸ್ಟೇಷನ್ ಪಕ್ಕ. ಮರುದಿನ ಅಲ್ಲಿಗೆ ಹೋಗೋಣ ಅಂದೆ. ಡೈನೋಸಾರ್ ಇದೆಯಾ ಅಂತ ಮೊಮ್ಮಗ ವಿಚಾರಿಸಿದ. ಇಲ್ಲ ಅಂದೆ. ನಾನೊಬ್ಬನೇ ಹೋಗಿ ಬಂದೆ.